ನೀಲಿ ಬಾಗಿಲಿನ ಫೋಟೊ

ಮಂಗಳವಾರ, ಸಂಜೆ

ಪ್ರೀತಿಯ ತಮ್ಮನಿಗೆ,

ನೆರೆದ ಮಹಾಜನರೇ, ಮುಂದಿನ ಸಾಲಿನವರೇ, ಹಿಂದೆ ನೆಲದ ಮೇಲೆ ಕುಳಿತವರೇ, ಸದ್ದು ಮಾಡದೆ ಕೇಳಿ! ನಗಬೇಡ ಕಣೋ. ಓದುವವನು ನೀನೊಬ್ಬನೇ ಎಂದು ಗೊತ್ತು. ನಲವತ್ತು ವರ್ಷ ನಾಟಕದಲ್ಲಿ ಕೂಗಿದ ಗಂಟಲಿಗೆ ಸಿಟ್ಟು ಬಂದರೆ ಒಬ್ಬನಿಗೆ ಮಾತ್ರ ಕೇಳುವಂತೆ ಮಾತಾಡಲು ಬರುವುದಿಲ್ಲ.

ನೀನು ಹೆಗಲ ಮೇಲೆ ಹೊತ್ತು ತಿರುಗಿದ ನನ್ನ ಮಗಳು ತನ್ನ ಹೊಲಿಗೆ ಅಂಗಡಿಯ ಜಾಲತಾಣದಲ್ಲಿ ಹೊಸ ಉಡುಪಿನ ಚಿತ್ರ ಹಾಕಿದಾಗಲೆಲ್ಲ ಮುಖವಿಲ್ಲದ ಹೇಡಿಯೊಬ್ಬ ಕೆಳಗೆ ಹೊಲಸು ಬರೆಯುತ್ತಿದ್ದ. ಮೂರು ತಿಂಗಳು! ಅದು ನಿಮ್ಮ ಕಂಪನಿಯ ಇಂಟರ್‌ನೆಟ್ಟಿನಿಂದ ಬರುತ್ತಿದೆ ಎಂದು ಜಾಲತಾಣ ನೋಡಿಕೊಳ್ಳುವವನು ಪತ್ತೆಹಚ್ಚಿದ. ಅಲ್ಲಿ ದೂರು ವಿಭಾಗದ ಮುಖ್ಯಸ್ಥ ನೀನೇ, ನಮ್ಮವನೇ ಎಂದು ಎದೆಯುಬ್ಬಿಸಿ ದೂರು ಕಳಿಸಿದೆವು.

"ನಿಮ್ಮ ದೂರನ್ನು ಇದ್ದಂತೆಯೇ ಸಂಬಂಧಪಟ್ಟ ಗ್ರಾಹಕರಿಗೆ ರವಾನಿಸಿದ್ದೇವೆ" ಎಂದು ಉತ್ತರ ಬಂತು. ಇದ್ದಂತೆಯೇ! ಮಗಳ ಹೆಸರು, ಫೋನ್ ನಂಬರು, ಮನೆ ವಿಳಾಸ, ಎಲ್ಲವೂ ಆ ಹೇಡಿಯ ಕೈಗೆ! ನಾಲ್ಕನೇ ದಿನ ನಮ್ಮ ಮನೆಯ ನೀಲಿ ಬಾಗಿಲಿನ ಫೋಟೊ ಅವಳ ಫೋನಿಗೆ ಬಂತು. ಕೆಳಗೆ, "ಬಾಗಿಲು ಚೆನ್ನಾಗಿದೆ." ಅಂದಿನಿಂದ ಅವಳು ಗೆಳತಿಯ ಮನೆಯಲ್ಲಿದ್ದಾಳೆ. ಬೇಲಿ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ; ಬೇಲಿಯೇ ಮೇಕೆಗೆ ದಾರಿ ತೋರಿಸುವುದನ್ನು ಈಗ ಕಂಡೆ.

ಅವನು ಯಾರೆಂದು ಕೇಳಿದರೆ ನೀನು ಫೋನಿನಲ್ಲಿ ಏನಂದೆ? "ಅಣ್ಣಾ, ಗ್ರಾಹಕರ ವಿವರ ಗುಟ್ಟು. ಕೋರ್ಟಿನ ಆದೇಶ ಇಲ್ದೆ ಕೊಡೋ ಹಾಗಿಲ್ಲ." ಇವಳ ವಿವರ ಕೊಡೋಕೆ ಯಾವ ಕೋರ್ಟು ಹೇಳಿತ್ತೋ ಅಂದೆ. "ಅದು ಕಂಪ್ಯೂಟರೇ ಕಳಿಸಿಬಿಡುತ್ತೆ. ಕೂಗಾಡ್ಬೇಡ." ಕೂಗಾಡಬಾರದಂತೆ! ಹೇಡಿಯ ಮುಖಕ್ಕೆ ಪರದೆ, ನೊಂದವಳ ಮುಖಕ್ಕೆ ದೀಪ!

ಅವನ ಹೆಸರು ನನಗೆ ಬೇಡ. ಅವನು ಬರೆದ ದಿನಗಳ ದಾಖಲೆ ಅಳಿಸಿಹೋಗದಂತೆ ತೆಗೆದಿಡು. ಪೊಲೀಸರು ಆದೇಶ ತಂದಾಗ ಕೊಡು. ದೂರು ಕೊಟ್ಟವರ ವಿಳಾಸ ಮುಚ್ಚದೆ ಇನ್ನೊಂದು ಕಾಗದ ನಿನ್ನ ಮೇಜು ದಾಟಬಾರದು. ನಾಳೆ ಬೆಳಿಗ್ಗೆ ಹತ್ತಕ್ಕೆ ನಿನ್ನ ಕಚೇರಿಯ ನಡುವೆ ನಿಂತು ಈ ಪತ್ರ ಓದುತ್ತೇನೆ. ಮೈಕು ಬೇಕಿಲ್ಲ.

ನಿನ್ನ ಅಣ್ಣ,
ದೊಡ್ಡ ಗಂಟಲಿನವನು

ತಾ.ಕ.: ಇದನ್ನು ಮಾತ್ರ ಅಲ್ಲಿ ಓದುವುದಿಲ್ಲ. ಮಗಳು ಬರೆದ ದೂರಿನಲ್ಲಿ ಅಂಗಡಿಯ ಇಮೇಲ್ ಬಿಟ್ಟು ಬೇರೇನೂ ಇರಲಿಲ್ಲ. "ಇಷ್ಟು ಸಾಕಪ್ಪಾ" ಅಂದು ಎದ್ದುಹೋದಳು. ರಂಗಕ್ಕೆ ಬಂದ ಪಾತ್ರ ತಾನ್ಯಾರು, ಎಲ್ಲಿಯವಳು ಎಂದು ಸಾರದಿದ್ದರೆ ಯಾರು ನಂಬುತ್ತಾರೆ ಎಂದು ಉಳಿದದ್ದನ್ನೆಲ್ಲ ತುಂಬಿ ಕಳಿಸಿದವನು ನಾನು. ಬಾಗಿಲಿನ ಬಣ್ಣ ಸಮೇತ. ವಿಳಾಸ ಕೊಟ್ಟವನು ಚಿಕ್ಕಪ್ಪನೇ ಇರಬೇಕು ಎಂದು ಅವಳು ಅತ್ತಾಗ ಸುಮ್ಮನಿದ್ದೆ. ನಾಳೆ ನಿನ್ನಲ್ಲಿಗೆ ಬರುವ ಮೊದಲು, ಒಂಬತ್ತಕ್ಕೆ, ಅಂಗಡಿಯಲ್ಲಿ ಅವಳ ಹೊಲಿಗೆ ಯಂತ್ರದ ಪಕ್ಕ ನಿಂತು ಇದನ್ನು ಹೇಳುತ್ತೇನೆ. ಮೆಲ್ಲಗೆ.