ಬಹುಮಾನದ ಪೆನ್ನಿನ ಮೂರು ತುಂಡು

೬ ಮಾರ್ಚ್ ೧೯೭೮, ಸಂಜೆ

ಕೆಂಪು ಹೊತ್ತಿತು, ಆರಿತು. ಹಳದಿ, ಹಸಿರು – ಅವೂ ಹಾಗೆಯೇ. ಉಗ್ರಾಣದಲ್ಲಿ, ಅಕ್ಕಿ ಡಬ್ಬದ ಮೇಲೆ ಬೋರ್ಡ್ ಇಟ್ಟು ಇಪ್ಪತ್ತು ಸಲ ಪರೀಕ್ಷಿಸಿದೆ. ಒಂದೂ ತಪ್ಪಿಲ್ಲ.

ಇದೇ ಬೋರ್ಡ್ ಮಧ್ಯಾಹ್ನ ಜಗಲಿಯಲ್ಲಿ ಅಂಕಮ್ಮನ ಮುಂದಿದ್ದಾಗ ಮೂರು ದೀಪಗಳೂ ಒಟ್ಟಿಗೆ ಉರಿದವು, ಆರಲೇ ಇಲ್ಲ. ಎಲ್ಲೋ ಬೆಸುಗೆ ಸಡಿಲ. ಅವಳ ಕೈ ಇನ್ನೂ ಒರಟು.

ಡಿಪ್ಲೊಮಾದ ಕೊನೆಯ ವರ್ಷದಲ್ಲಿ ಹುಡುಗಿಯರು ನಾವಿಬ್ಬರೇ. ಹೀಗಾಗಿ ಈ ಟ್ರಾಫಿಕ್ ಸಿಗ್ನಲ್ ಪ್ರಾಜೆಕ್ಟಿಗೆ ಜೋಡಿಯಾಗುವುದು ತಪ್ಪಲಿಲ್ಲ. ಉಗ್ರಾಣ ಅಡಿಗೆಮನೆಗೆ ಅಂಟಿಕೊಂಡಿದೆ, ಅಜ್ಜಿಯ ಮಡಿ ಬೇರೆ. ಅಂಕಮ್ಮ ಜಗಲಿ ದಾಟುವ ಹಾಗಿಲ್ಲ. ಅದಕ್ಕೇ ಕೆಲಸ ಹಂಚಿದ್ದೇನೆ. ಬೆಸುಗೆ ಅವಳದು, ಹೊರಗೆ. ಯೋಚನೆ ಮತ್ತು ಪರೀಕ್ಷೆ ನನ್ನದು, ಒಳಗೆ.

೮ ಮಾರ್ಚ್

ಅಮೆರಿಕದ ಪತ್ರಿಕೆಯಲ್ಲಿರುವ, ಬೆಳಕಿನಿಂದಲೇ ಸಂಕೇತ ದಾಟಿಸುವ ಆಪ್ಟೊ-ಐಸೊಲೇಟರ್ ಮಂಡ್ಯದಲ್ಲಿ ಎಲ್ಲಿ ಸಿಗಬೇಕು? ನಾನೇ ಮಾಡಿದೆ. ಮದ್ದೂರಿನ ರೇಡಿಯೊ ರಿಪೇರಿ ಚಲುವರಾಜು ಹಳೆಯ ಸೆಟ್ಟುಗಳಿಂದ ಬಿಚ್ಚಿಕೊಟ್ಟ ಮೂರು ಗಾಜಿನ ಟ್ರಾನ್ಸಿಸ್ಟರ್. ಮೇಲಿನ ಕಪ್ಪು ಬಣ್ಣವನ್ನು ಬ್ಲೇಡಿನಿಂದ ಕೆರೆದರೆ ಅವಕ್ಕೆ ಕಣ್ಣು ಬರುತ್ತದೆ. ಪುಟ್ಟ ಕೊಳವೆಯ ಈ ತುದಿಯಲ್ಲಿ ಟ್ರಾನ್ಸಿಸ್ಟರ್, ಆ ತುದಿಯಲ್ಲಿ ಟಾರ್ಚಿನ ಬಲ್ಬು. ಬಲ್ಬು ಉರಿದರೆ ಟ್ರಾನ್ಸಿಸ್ಟರ್ ಕಂಡು ಮನೆಕರೆಂಟಿನ ದೀಪವನ್ನು ಹೊತ್ತಿಸುತ್ತದೆ. ನಡುವೆ ತಂತಿಯ ಸಂಬಂಧವಿಲ್ಲ, ಬೆಳಕಿನದು ಮಾತ್ರ.

ಕೊಳವೆಗೆಂದು ಹೋದ ವಾರ ನನ್ನ ಕೆಂಗಂದು ಬಣ್ಣದ ಪೆನ್ನನ್ನೇ ಮೂರು ತುಂಡಾಗಿ ಕೊಯ್ದಿದ್ದೆ – ಎಸ್ಸೆಸ್ಸೆಲ್ಸಿಯಲ್ಲಿ ತಾಲ್ಲೂಕಿಗೆ ಮೊದಲು ಬಂದದ್ದಕ್ಕೆ ಕೊಟ್ಟದ್ದು. ಇವತ್ತು ಅಂಕಮ್ಮ ಕರಿ ಸೈಕಲ್ ಟ್ಯೂಬಿನ ತುಂಡು ತಂದಿದ್ದಳು.

"ಅಯ್ಯೋ, ಬಂಗಾರ್ದಂತಾ ಪೆನ್ನ ಕುಯ್ದ್‌ಬುಟ್ಟೆಯಲ್ಲ! ಇದು ಸುತ್ತಿದ್ರೆ ಸಾಲ್ದಾಗಿತ್ತಾ?"

"ಎಕ್ಸ್‌ಟರ್ನಲ್ ಪರೀಕ್ಷಕರ ಮುಂದೆ ಪಂಕ್ಚರ್ ಅಂಗಡಿ ಇಡೋಣವೆ?" ಎಂದೆ.

ನಕ್ಕಳು. ತುಂಡನ್ನು ತಿರುಪಿನ ಡಬ್ಬಿಗೆ ಹಾಕಿ, "ಇಲ್ಲಿ ಕೆಡ್ತದೆ, ಒಳೀಕೋದ್ರೆ ಸರಿಯಾಯ್ತದೆ. ಒಂದ್ಸಲ ನಾನೇ ಒಳೀಕ್ ಬಂದು ನೋಡ್ಲಾ ಕಣಮ್ಮ?" ಎಂದಳು.

ಬೇಡವೆಂದೆ. ಅಜ್ಜಿ ಅಡಿಗೆಮನೆಯಲ್ಲಿದ್ದರು.

೧೩ ಮಾರ್ಚ್

ಬರೆಯಲಾರೆ.

ಅದೇ ದಿನ, ಸಂಜೆ

ಕಾಲೇಜಿನಲ್ಲಿ ಕಿಟಕಿ ಪಕ್ಕದ ಮೇಜು. ಸ್ವಿಚ್ ಹಾಕುವ ಮೊದಲೇ ಮೂರೂ ಉರಿದವು. ಮಲವಳ್ಳಿಯ ಮರಿಸಿದ್ದಯ್ಯ ಮೇಷ್ಟ್ರು, ನಮ್ಮ ಗೈಡು, ಕನ್ನಡಕ ಸರಿಪಡಿಸಿಕೊಂಡು ನೋಡಿದರು. "ಏನಮ್ಮ ಕನಕಲಕ್ಷ್ಮಿ, ನಿನ್ನ ಸಿಗ್ನಲ್ಲು ನಿಲ್ಲು ಅಂತದೋ, ಓಗು ಅಂತದೋ? ಎತ್ತಿನಗಾಡಿಯೋನು ಏನ್ ಮಾಡ್ಬೇಕು?"

ಇಡೀ ತರಗತಿ ನಕ್ಕಿತು. ಮೂರು ವರ್ಷಗಳಲ್ಲಿ ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ.

"ಬೆಸುಗೆ ಅಂಕಮ್ಮನದು ಸರ್" ಎಂದೆ.

ಅವಳು ನನ್ನ ಕಡೆ ತಿರುಗಿದಳು.

೧೪ ಮಾರ್ಚ್

ನಿನ್ನೆ ಹೇಳಿದ್ದನ್ನು ಬರೆದುಕೊಡು ಎಂದರು ಮೇಷ್ಟ್ರು. "ಯೋಚ್ನೆ ಮಾಡಿ ಬರಿ. ಸುಳ್ಳು ಅಂತ ಗೊತ್ತಾದ್ರೆ ಬರೆದೋರಿಗೆ ಪ್ರಾಜೆಕ್ಟಿನಾಗೆ ಸೊನ್ನೆ."

ಬರೆದೆ. ಆರು ಸಾಲು. ಒಂದೂ ಚಿತ್ತಿಲ್ಲ.

ಅಂಕಮ್ಮನ ಹೆಸರು ತೆಗೆದರು. ಅವಳು ಪ್ರಾಜೆಕ್ಟನ್ನು ಮುಂದಿನ ವರ್ಷ ಮಾಡಬೇಕು. ನಾನೊಬ್ಬಳೇ ಏಪ್ರಿಲ್ ಮೂರಕ್ಕೆ, ಎಕ್ಸ್‌ಟರ್ನಲ್ ಎದುರು. ಅಪ್ಪ ಕೇಳಿ, "ನಮ್ಮನೇಲಿ ರ‍್ಯಾಂಕು ಅಂದ್ರೆ ಸಂಧ್ಯಾವಂದನೆ ಇದ್ದ ಹಾಗೆ. ತಪ್ಪಬಾರದು" ಎಂದರು.

೨೭ ಮಾರ್ಚ್

ಹದಿಮೂರು ದಿನ. ಅಂಕಮ್ಮನ ಬೆಸುಗೆಗಳನ್ನೆಲ್ಲ ಕಿತ್ತು ನಾನೇ ಹೊಸದಾಗಿ ಹಾಕಿದೆ. ಬೆರಳು ಸುಟ್ಟಿದೆ. ಟ್ರಾನ್ಸಿಸ್ಟರ್ ಬದಲಾಯಿಸಿದೆ. ಉಗ್ರಾಣದಲ್ಲಿ ಚಿನ್ನದಂತೆ ನಡೆಯಿತು. ಇಂದು ಕಾಲೇಜಿಗೆ ಒಯ್ದೆ – ಮೂರೂ ಉರಿದವು.

ಈಗ ಬೋರ್ಡಿನ ಮೇಲೆ ಅವಳದೆನ್ನುವ ಒಂದು ಬೆಸುಗೆಯೂ ಇಲ್ಲ. ತಪ್ಪು ಹೊರಿಸಲು ಯಾರೂ ಉಳಿದಿಲ್ಲ.

೩೦ ಮಾರ್ಚ್

ಅದೇ. ಉಗ್ರಾಣದಲ್ಲಿ ಸರಿ, ಕಾಲೇಜಿನಲ್ಲಿ ಮೂರೂ ಒಟ್ಟಿಗೆ. ಕಲಿತದ್ದೆಲ್ಲ ಬಾಯಿಪಾಠವೇ ಆಗಿತ್ತೇನೋ...

೧ ಏಪ್ರಿಲ್, ಬೆಳಿಗ್ಗೆ ಹತ್ತು

ಯುಗಾದಿ ಬಂತು, ಉಗ್ರಾಣಕ್ಕೆ ಸುಣ್ಣ. "ನಿನ್ನ ಆ ತಂತಿ ಸಂಸಾರಾನ ಎತ್ಕೊಂಡು ಹೊರಡೇ" ಎಂದರು ಅಜ್ಜಿ. ಜಗಲಿಯ ಮೇಲೆ, ಅಂಕಮ್ಮ ಕೂರುತ್ತಿದ್ದ ಜಾಗದಲ್ಲಿ ಬೋರ್ಡ್ ಇಟ್ಟೆ. ಮೂರೂ ಉರಿದವು. ಕೆಟ್ಟದ್ದು ನನ್ನ ಕೈಯಲ್ಲೇ.

ತಿರುಪು ತೆಗೆದುಕೊಳ್ಳಲು ಬಾಗಿದೆ. ನೆರಳು ಬೋರ್ಡಿನ ಮೇಲೆ ಬಿತ್ತು. ದೀಪಗಳು ಆರಿದವು.

ಸರಿದೆ – ಉರಿದವು. ಬಾಗಿದೆ – ಆರಿದವು.

ಪೆನ್ನಿನ ಒಂದು ತುಂಡನ್ನು ಬಿಚ್ಚಿ ಬಿಸಿಲಿಗೆ ಹಿಡಿದೆ. ಕೆಂಗಂದು ಅಲ್ಲ, ದಾಳಿಂಬೆ ಕಾಳಿನ ಬಣ್ಣ. ಆಚೆಯ ಬೆರಳು ಕಾಣುತ್ತಿತ್ತು. ಹಗಲ ಬೆಳಕು ನನ್ನ ಬಹುಮಾನವನ್ನು ತೂರಿ ಒಳಗೆ ಹೋಗುತ್ತಿತ್ತು. ಟ್ರಾನ್ಸಿಸ್ಟರ್ ಪಾಪ, ತನಗೆ ಕಂಡದ್ದನ್ನೇ ಹೇಳುತ್ತಿತ್ತು.

ಡಬ್ಬಿಯಲ್ಲಿ ಸೈಕಲ್ ಟ್ಯೂಬಿನ ತುಂಡು ಇನ್ನೂ ಇತ್ತು. ಮೂರಕ್ಕೂ ಸುತ್ತಿದೆ. ನೇರ ಬಿಸಿಲಿನಲ್ಲಿ – ಕೆಂಪು. ಹಳದಿ. ಹಸಿರು. ಒಂದಾದ ಮೇಲೊಂದು.

ಗೆದ್ದೆ. ಜಗಲಿಯ ಕಂಬಕ್ಕೆ ಒರಗಿ ಕುಳಿತೆ.

೨ ಏಪ್ರಿಲ್, ಭಾನುವಾರ

ಪ್ಯಾಸೆಂಜರ್ ರೈಲು ಹಿಡಿದು ಹನಕೆರೆಗೆ, ಅವಳ ಮನೆಗೆ ಹೋದೆ. ಅಂಕಮ್ಮ ಹಸುವಿಗೆ ಕಬ್ಬಿನ ಸೋಗೆ ಹಾಕುತ್ತಿದ್ದಳು. ನಾನು ಹೊಸ್ತಿಲ ಹೊರಗೇ ನಿಂತೆ. ಅವಳ ತಾಯಿ ಯಶೋದಮ್ಮ ಬಂದರು. "ಬಾ ಕಣವ್ವ, ಒಳೀಕ್ ಬಾ. ಯಾಕ್ ಬಾಕ್ಲಲ್ಲೇ ನಿಂತ್ಕಂಡೆ?"

ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟರು. ಕುಡಿದೆ. ಎಲ್ಲವನ್ನೂ ಹೇಳಿದೆ.

ಅಂಕಮ್ಮ ಕೈ ಒರೆಸಿಕೊಂಡಳು. "ಒಂದ್ಸಲ ಒಳೀಕ್ ಬಂದಿದ್ರೆ ಗೊತ್ತಾಗ್ಬುಡೋದು ಕಣಮ್ಮ. ಬ್ಯಾರೆ ಏನಿಲ್ಲ, ಕತ್ಲೆ ಒಂದೇ ಬ್ಯಾರೆ ಇದ್ದಿದ್ದು."

ಯಶೋದಮ್ಮ, "ಮುಂದಿನ್ ವರ್ಸಕ್ಕೆ ಇವ್ರಪ್ಪ ಕಳ್ಸಾಕಿಲ್ಲ ಅಂತ ಕುಂತವ್ರೆ. ಪೇಲಾದೋಳ್ಗೆ ಯಾತರ ಕಾಲೇಜು ಅಂತವ್ರೆ" ಎಂದರು.

"ಮೇಷ್ಟ್ರಿಗೆ ನಿಜ ಬರೆದುಕೊಡುತ್ತೇನೆ" ಎಂದೆ.

"ಮೊದ್ಲೂ ನೀನೇ ಬರ್ದಿದ್ದು" ಎಂದಳು ಅಂಕಮ್ಮ. ಕೋಪವಿರಲಿಲ್ಲ. "ಬುಡು. ಅಕ್ಸರ ಚೆಂದಾಗದೆ ನಿಂದು."

೩ ಏಪ್ರಿಲ್, ಹತ್ತು ಗಂಟೆಗೆ ಮೊದಲು

ಪರೀಕ್ಷೆಯ ಕೋಣೆಯ ಹೊರಗಿನ ಬೆಂಚು. ತೊಡೆಯ ಮೇಲೆ ಬೋರ್ಡ್, ಪಕ್ಕದ ಪ್ಲಗ್ಗಿನಿಂದ ಕರೆಂಟು. ಮುಖಕ್ಕೇ ಬಿಸಿಲು, ಆದರೂ ಮೂರು ದೀಪಗಳು ಹೇಳಿದಂತೆ ಕೇಳುತ್ತಿವೆ. ಬೋರ್ಡಿನ ಕೆಳಗೆ ಚೀಟಿ. ನಾಲ್ಕೇ ಸಾಲು: ಬೆಸುಗೆಯಲ್ಲಿ ದೋಷವಿರಲಿಲ್ಲ, ಕೊಳವೆ ನನ್ನದು, ಅಂಕಮ್ಮನ ಹೆಸರು ಮರಳಿ ಸೇರಿಸಬೇಕು.

ಇದನ್ನು ಮೊದಲು ಕೊಟ್ಟರೆ ಸೊನ್ನೆ, ಬೋರ್ಡನ್ನು ಯಾರೂ ನೋಡುವುದಿಲ್ಲ. ದೀಪ ತೋರಿಸಿ, ಅಂಕ ಹಾಕಿಸಿಕೊಂಡು, ಆಮೇಲೆ ಕೊಡಬಹುದಲ್ಲವೆ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ನಿನ್ನೆ ಮಜ್ಜಿಗೆ ಕುಡಿದಾಗ ಇಂಥ ಯೋಚನೆ ಇರಲಿಲ್ಲ. ಆಮೇಲೆ ಕೊಡುವವಳು ನಾನಲ್ಲ. ನನ್ನನ್ನು ನಾನು ಅಷ್ಟಾದರೂ ಬಲ್ಲೆ.

ಮೊದಲನೆಯ ನಂಬರು ಕೂಗಿದರು. ನನ್ನದೇ. ಎಡಗೈಯಲ್ಲಿ ಬೋರ್ಡ್, ಬಲಗೈಯಲ್ಲಿ ಇದನ್ನು ಬರೆಯುತ್ತಿರುವ ಪೆನ್ನು. ಚೀಟಿಯನ್ನು ಯಾವ ಕೈಯಲ್ಲಿ ಹಿಡಿಯಲಿ? ಪೆನ್ನನ್ನು ಇಲ್ಲೇ ಇಡುತ್ತೇನೆ.