ಅಟ್ಟದ ಮೇಲಿನ ತಣ್ಣೀರು

ಫ್ರಾನೆಕರ್
ಆಗಸ್ಟ್ ೨೭, ಮಂಗಳವಾರ

ಅಕ್ಕರೆಯ ತಂಗಿ ನಿಂಕೆ,

ಒಂದೇ ಗೋಡೆಯ ಆಚೀಚೆ ಇಷ್ಟು ವರ್ಷ ಬದುಕಿದ್ದೇವೆ, ನಿನಗೆ ಪತ್ರ ಬರೆಯುವ ಪ್ರಸಂಗ ಬಂದದ್ದು ಇದೇ ಮೊದಲು. ಫೋನಿನಲ್ಲೇ ಹೇಳೋಣವೆಂದು ಎರಡು ಸಲ ಮಾಡಿದೆ. ಎರಡು ಸಲವೂ ನಿನ್ನ ಸೊಂಟದ ನೋವು, ಲೇವಾರ್ಡನ್‌ನ ಆ ಆರೈಕೆ ಮನೆಯವರು ಬಡಿಸುವ ಸಪ್ಪೆ ಆಲೂಗಡ್ಡೆ, ಇವನ್ನೇ ವಿಚಾರಿಸಿ ಇಟ್ಟುಬಿಟ್ಟೆ. ಫೋನಿನಲ್ಲಿ ಮುಖ ಕಾಣುವುದಿಲ್ಲ ನಿಜ, ಆದರೂ ನಾಚಿಕೆಯಾಯಿತು.

ಶನಿವಾರ ನೀನು ಮನೆಗೆ ಬರುತ್ತೀ. ಅಂದೇ ಹಾರ್ಲಿಂಗನ್‌ನಿಂದ ಯಾರೋ ಬಂದು ಅಟ್ಟದ ಮೇಲೆ ನೀನು ಮಣ್ಣಿಲ್ಲದೆ ನೀರಿನಲ್ಲೇ ಸೊಪ್ಪು ಬೆಳೆಸುತ್ತಿದ್ದ ಕೊಳವೆ, ತೊಟ್ಟಿ, ಪಂಪು, ಆ ನೀರನ್ನು ತಣ್ಣಗಿಡುವ ಚಿಲ್ಲರ್ ಎಲ್ಲವನ್ನೂ ಒಯ್ಯುತ್ತಾರೆ ಎಂದು ನೀನೇ ಹೇಳಿದೆ. ಅದನ್ನೆಲ್ಲ ಜೋಡಿಸಿಕೊಟ್ಟ ವೊಪ್ಕೆಯವರಿಗೂ ಇನ್ನು ಬರುವುದು ಬೇಡ ಎಂದು ಹೇಳಿದ್ದೀಯಂತೆ. ಅದಕ್ಕೆ ಮೊದಲು ಈ ಪತ್ರ ನಿನ್ನ ಕೈ ಸೇರಬೇಕು. ಅವರು ಕೊಡಿಸಿದ ಚಿಲ್ಲರ್ ಚಿಕ್ಕದಾಗಿರಲಿಲ್ಲ, ನಿಂಕೆ. ಅದನ್ನು ನಿಲ್ಲಿಸಿದವಳು ನಾನು.

ವಸಂತದಲ್ಲಿ ವೊಪ್ಕೆ ಟೇಪು ಹಿಡಿದು ನಿನ್ನ ಅಟ್ಟ ಹತ್ತಿದ ದಿನ ನಾನೂ ಕಾಫಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಇಷ್ಟು ಲೀಟರ್ ನೀರಿಗೆ ಇಂಥ ಚಿಲ್ಲರ್ ಎಂದು ಅಂಗಡಿಯ ಡಬ್ಬದ ಮೇಲೇ ಬರೆದಿರುವಾಗ ಈ ಮನುಷ್ಯನದೇನು ಒದ್ದಾಟ ಅನ್ನಿಸಿತ್ತು. ನೀನೂ ಅದನ್ನೇ ಕೇಳಿದೆ. “ತೊಟ್ಟಿ ಎಷ್ಟು ದೊಡ್ಡದು ಅಂತ ನೋಡಿ ಏನ್ ಮಾಡ್ತೀಯ? ಅದರೊಳಗೆ ಬಿಸಿ ಎಲ್ಲಿಂದ ಬರುತ್ತೆ ಅಂತ ನೋಡು” ಅಂದರು. ಹೆಂಚಿನ ಕಾವು, ದೀಪಗಳ ಕಾವು, ಸಾಲದ್ದಕ್ಕೆ ನೀರಿನಲ್ಲಿ ಮುಳುಗಿ ಕೂತ ಪಂಪಿನದೇ ಕಾವು. ದೊಡ್ಡದಿದ್ದರೆ ಒಳ್ಳೆಯದೆಂದು ನೀನು ದೊಡ್ಡ ಪಂಪು ತಂದಿದ್ದೆ. ಅದು ನೀರನ್ನು ಓಡಿಸುವುದಕ್ಕಿಂತ ಕಾಯಿಸುವುದೇ ಹೆಚ್ಚು ಎಂದು ವಾಪಸು ಕೊಡಿಸಿದರು. ಮೇಲಿನ ಕೊಳವೆಯ ಎತ್ತರ ಅಳೆದು, ಅಲ್ಲಿಗೆ ಏರಿದ ನೀರು ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಿ, ಚಿಕ್ಕದೊಂದನ್ನು ಹಾಕಿಸಿದರು. ಚಿಲ್ಲರ್ ಕೊಳ್ಳುವುದಕ್ಕೆ ಮಾತ್ರ ಜೂನ್ ಬಿಸಿಲಿನವರೆಗೆ ಕಾಯಿಸಿದರು. ತೊಟ್ಟಿಗೆ ತಣ್ಣೀರು ತುಂಬಿ, ಅದು ಗಂಟೆಗೆ ಎಷ್ಟೆಷ್ಟು ಬಿಸಿಯಾಗುತ್ತದೆಂದು ಮಧ್ಯಾಹ್ನವಿಡೀ ಥರ್ಮಾಮೀಟರ್ ಹಿಡಿದು ಕೂತರು, ನೀನೂ ಪಕ್ಕದಲ್ಲಿ ಕೂತೆ. ಅಷ್ಟು ಬಿಸಿಯನ್ನು ತೆಗೆದುಹಾಕುವ ಶಕ್ತಿ, ಅದರ ಮೇಲೊಂದಿಷ್ಟು. ಅಂಥದ್ದನ್ನೇ ಹುಡುಕಿ ತಂದು, ಅದು ಉಗುಳುವ ಬಿಸಿಗಾಳಿ ಅಟ್ಟದಲ್ಲಿ ಉಳಿಯಬಾರದೆಂದು ಚಾವಣಿಯ ಕಿಟಕಿಗೆ ಕೊಳವೆ ಜೋಡಿಸಿದರು.

ಜೀವಮಾನವೆಲ್ಲ ಕೊಟ್ಟಿಗೆ ಕೊಟ್ಟಿಗೆ ಸುತ್ತಿ ಹಾಲಿನ ಟ್ಯಾಂಕು ತಂಪು ಮಾಡಿದವರಿಗೆ ನಿನ್ನ ಲೆಟ್ಯೂಸ್ ಸೊಪ್ಪು ಯಾವ ಲೆಕ್ಕ! ಆದರೆ ಅಂದು ನನಗೆ ಕಂಡದ್ದು ಬೇರೆ. ನಿನ್ನ ಗಂಡ ಹೋದಂದಿನಿಂದ ಒಂದು ಸಂಜೆಯೂ ತಪ್ಪದ ನಮ್ಮಿಬ್ಬರ ಕಾಫಿ ಆ ತಿಂಗಳಿಂದ ತಪ್ಪಿಹೋಗಿತ್ತು.

ಜುಲೈನಲ್ಲಿ ನೀನು ಬಿದ್ದೆ, ನಿನ್ನ ಮನೆಯ ಕೀಲಿಕೈ ನನ್ನ ಕೈಗೆ ಬಂತು. ವಾರಕ್ಕೊಮ್ಮೆ, ಸೋಮವಾರ, ವೊಪ್ಕೆ ಬಂದು ನೋಡುವುದೆಂದು ನೀನೇ ಗೊತ್ತುಮಾಡಿದ್ದೆ. ಆ ಬಿಸಿಲಿನ ವಾರದ ಶುಕ್ರವಾರ ನಾನು ಚಿಲ್ಲರಿನ ಪ್ಲಗ್ ಕಿತ್ತೆ. ಅದರ ಗುಂಯ್‌ಗುಟ್ಟುವಿಕೆಗೆ ನಿದ್ದೆ ಬರುತ್ತಿರಲಿಲ್ಲ. ಶನಿವಾರ ಹಾಕೋಣ ಅಂದುಕೊಂಡೆ, ಹಾಕಲಿಲ್ಲ. ಭಾನುವಾರವೂ ಹಾಕಲಿಲ್ಲ. ಸೋಮವಾರ ವೊಪ್ಕೆಯವರ ಸೈಕಲ್ ಬೀದಿಯ ತುದಿಯಲ್ಲಿ ಕಂಡಾಗ ಓಡಿಹೋಗಿ ಹಾಕಿದೆ. ಕಾದ ನೀರಿನಲ್ಲಿ ಸೊಪ್ಪಿನ ಬೇರುಗಳು ಅಷ್ಟರಲ್ಲಿ ಕಂದಾಗಿ, ಲೋಳೆಯಾಗಿ, ಮೆಟ್ಟಿಲವರೆಗೂ ನಾರುತ್ತಿದ್ದವು.

ಅವರು ತೊಟ್ಟಿಯಲ್ಲಿ ಕೈ ಅದ್ದಿ, ಥರ್ಮಾಮೀಟರ್ ನೋಡಿ, ವಾರಾಂತ್ಯ ಹೇಗಿತ್ತು ಎಂದು ಕೇಳಿದರು, ಅಷ್ಟೇ. ಪ್ಲಗ್ ನಾನು ಮುಟ್ಟಿಲ್ಲ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ನನ್ನ ಮಾತು. ಅಂದು ಸಂಜೆ ನಿನಗೆ ಫೋನು ಮಾಡಿ, ಯಂತ್ರ ಸಾಲಲಿಲ್ಲ, ಅವರ ಲೆಕ್ಕ ತಪ್ಪಿತು ಎಂದು ಹೇಳಿದವಳು ನಾನು.

ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ನನ್ನ ಹುಟ್ಟುಹಬ್ಬದ ದಿನ ನಿನ್ನನ್ನೂ ಒಂದು ಮಧ್ಯಾಹ್ನದ ಮಟ್ಟಿಗೆ ಕರೆತಂದಿದ್ದರು. ಕುರ್ಚಿಗಳೆಲ್ಲ ಎಂದಿನಂತೆ ಸುತ್ತುಗಟ್ಟಿ, ಎಲ್ಲರ ಮಡಿಲಲ್ಲೂ ಗುಲಾಬಿ ಕೇಕಿನ ತಟ್ಟೆ. ಬೀದಿಯವರೆಲ್ಲ ಕೇಳುವಂತೆ ಅಂದೆ, “ವೊಪ್ಕೆಯವರ ಲೆಕ್ಕ ಹಸುಗಳಿಗೆ ಸರಿ, ಸೊಪ್ಪಿಗಲ್ಲ.” ನಮ್ಮ ದೊಡ್ಡಮ್ಮನ ಮಗ ಯೆಲ್ಮರ್ ಬಿಡುತ್ತಾನೆಯೇ? “ಹಾಗಾದ್ರೆ ಇಷ್ಟು ವರ್ಷ ನಾವು ಕುಡಿದಿದ್ದು ಒಡೆದ ಹಾಲೇ ಇರ್ಬೇಕು” ಅಂದ. ಕೋಣೆಗೆ ಕೋಣೆಯೇ ನಕ್ಕಿತು. ವೊಪ್ಕೆಯವರ ಕಿವಿ ಕೆಂಪಾಯಿತು. ತಪ್ಪಿರಬಹುದು ಎಂದು ತಟ್ಟೆ ನೋಡುತ್ತಲೇ ಹೇಳಿದರು. ನೀನು ಅವರತ್ತ ತಿರುಗಿಯೂ ನೋಡಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ. ಸಿಕ್ಕಿತು. ಸಿಕ್ಕ ಮೇಲೆ ನನ್ನ ಕೇಕಿನ ತಟ್ಟೆಯನ್ನು ಅಡುಗೆಮನೆಗೆ ಒಯ್ದು ಇಟ್ಟೆ.

ಮೊನ್ನೆ ಬ್ರೆಡ್ಡಿನ ಅಂಗಡಿಯ ಮುಂದೆ ಸಿಕ್ಕರು. ನಿಮ್ಮ ಲೆಕ್ಕ ಸರಿಯಾಗಿತ್ತೇನೋ ಎಂದು ತೊದಲಿದೆ. ಸೈಕಲ್ಲಿಗೆ ಚೀಲ ಕಟ್ಟುತ್ತಾ ಅಂದರು:

“ಗೊತ್ತು ಹಿಲ್ಕೆ. ಮಿಷನ್ನು ಚಿಕ್ಕದಾಗಿದ್ದಿದ್ರೆ ನೀರು ಅರ್ಧಂಬರ್ಧ ಆದ್ರೂ ತಣ್ಣಗಿರ್ತಿತ್ತು. ಅವತ್ತು ನೀರಿನ ಬಿಸಿನೂ ಅಟ್ಟದ ಗಾಳಿ ಬಿಸಿನೂ ಒಂದೇ ಇತ್ತು. ಅದು ಓಡೇ ಇರ್ಲಿಲ್ಲ.”

ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

“ನಂದು ಹೋದ್ರೆ ಬರೀ ಒಂದು ಲೆಕ್ಕ ಹೋಯ್ತು. ಅವಳಿಗೆ ಇರೋ ಅಕ್ಕ ನೀವೊಬ್ರೇ.”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದಾಗ ಅವರು ಎದುರಿಗೇ ನಿಂತು ನೋಡುತ್ತಿದ್ದರು. ನೋಡಿಯೂ ನನ್ನ ಮಾನ ಕಾಪಾಡಿದರು. ನಾನು ಬ್ರೆಡ್ಡು ಕೊಳ್ಳದೆ ಮನೆಗೆ ಬಂದೆ.

ಕೊಳವೆ, ತೊಟ್ಟಿ ಎಲ್ಲವನ್ನೂ ಉಜ್ಜಿ ತೊಳೆದಿದ್ದೇನೆ. ಹಾರ್ಲಿಂಗನ್‌ನವರಿಗೆ ಬೇಡ ಎನ್ನುವುದು ನಿನಗೆ ಬಿಟ್ಟದ್ದು. ಶನಿವಾರ ನಿನ್ನನ್ನು ನೋಡಲು ಬೀದಿಯವರೆಲ್ಲ ಬರುತ್ತಾರೆ, ಯೆಲ್ಮರ್ ಕೂಡ. ಅದೇ ಕುರ್ಚಿಗಳನ್ನು ಅದೇ ರೀತಿ ಹಾಕಿ, ಅಂದಷ್ಟೇ ಗಟ್ಟಿಯಾಗಿ ಇದನ್ನೆಲ್ಲ ಹೇಳುತ್ತೇನೆ. ಎಲ್ಲರೆದುರು ಬೇಡ ಅಂದರು ವೊಪ್ಕೆ. ಅದೊಂದು ಮಾತನ್ನು ಮಾತ್ರ ನಾನು ಕೇಳುವುದಿಲ್ಲ. ಅವರ ಕುರ್ಚಿಯನ್ನು ನಿನ್ನ ಪಕ್ಕಕ್ಕೆ ಹಾಕುತ್ತೇನೆ. ನನ್ನ ಜೊತೆ ಮಾತು ಬಿಡಬೇಕೆನಿಸಿದರೆ ಬಿಡು. ಅವರ ಜೊತೆ ಮಾತ್ರ ಬಿಡಬೇಡ.

ನಿನ್ನ ಮುಖ ನೋಡಲು ಹೆದರುತ್ತಿರುವ ಅಕ್ಕ,
ಹಿಲ್ಕೆ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ನಿದ್ದೆ ಬರುತ್ತಿರಲಿಲ್ಲ ಎಂದೆನಲ್ಲ, ಅದೂ ಸುಳ್ಳು. ನಿನ್ನೆ ತೊಳೆಯುವಾಗ ಚಿಲ್ಲರ್ ಎತ್ತಿದರೆ ಅದರಡಿಯಲ್ಲಿ ದಪ್ಪ ರಬ್ಬರಿನ ಹಾಸು. ವೊಪ್ಕೆಯವರನ್ನು ಕೇಳಿದೆ: ಗೋಡೆಯಾಚೆ ಹಿಲ್ಕೆಗೆ ಸದ್ದು ಹೋಗಬಾರದೆಂದು ಜೂನ್‌ನಲ್ಲೇ ಹಾಸಿದ್ದಂತೆ. ಆ ಯಂತ್ರದ ಸದ್ದು ನನಗೆ ಒಂದು ದಿನವೂ ಕೇಳಿಸಿಲ್ಲ, ನಿಂಕೆ. ಬೇಸಿಗೆಯುದ್ದಕ್ಕೂ ಗೋಡೆಗೆ ಕಿವಿಯಿಟ್ಟು ನಾನು ಕೇಳಿಸಿಕೊಂಡದ್ದು ನಿಮ್ಮಿಬ್ಬರ ನಗು.