ಇಪ್ಪತ್ತೆರಡು ನಿಮಿಷ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9

ಬೆಳಗಿನ ಸುತ್ತು ಮುಗಿಯಿತು. ಎರಡು ಠಾಣೆ, ಶವಾಗಾರ, ಅಗ್ನಿಶಾಮಕ ಕಚೇರಿಗೊಂದು ಫೋನು. ಬೈಕ್ ಕಳವು ಬಿಟ್ಟರೆ ಏನಿಲ್ಲ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ‘ಏನಾದ್ರೂ ಇದೆಯಾ ಸಾರ್?’ ಎಂದು ಕೇಳುವುದು, ಇರಲಿ ಎಂದು ಒಳಗೊಳಗೇ ಆಸೆಪಡುವುದು.

ಆಮೇಲೆ ನಮ್ಮದೇ ಪತ್ರಿಕೆ ಬಿಡಿಸಿದೆ. ಮುಖಪುಟದ ಮೇಲರ್ಧ ಪೂರ್ತಿ ನನ್ನ ಸಹೋದ್ಯೋಗಿ ‘ಗಾಳಿ’ಯ ವರದಿ. ಕಾಗದದ ಗೋದಾಮಿಗೆ ಬೆಂಕಿ. ನಿನ್ನೆ ನನಗೆ ರಜೆ, ಅವನಿಗೆ ಹಬ್ಬ. ಹಿಂದಿನ ಕೋಣೆಯಲ್ಲಿ ಮಲಗಿದ್ದ ಬೈಂಡಿಂಗ್ ಕೆಲಸದವನು ಸತ್ತಿದ್ದಾನೆ. ಇದು ಮೂರನೆಯ ಬೆಂಕಿ. ಮೂರೂ ಮಧ್ಯಾಹ್ನ ಊಟದ ಹೊತ್ತಿಗೆ, ಬಾಗಿಲು ಹಾಕಿದ್ದಾಗ. ಮೂರಕ್ಕೂ ಎಲ್ಲರಿಗಿಂತ ಮೊದಲು ತಲುಪಿದವನು ಗಾಳಿ.

ಆ ಹೆಸರಿಟ್ಟವಳು ನಾನೇ. ನಾವಿಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿ, ಒಂದೇ ಮೇಜು ಹಂಚಿಕೊಂಡವರು. ಈಗ ಮಾತು ಅಷ್ಟಕ್ಕಷ್ಟೆ. ಫೆಬ್ರವರಿ ಕೊನೆಗೆ ಮುಖ್ಯ ವರದಿಗಾರರು ನಿವೃತ್ತರಾದರು. ಆ ಕುರ್ಚಿಗೆ ಇಬ್ಬರೇ — ಅವನು, ನಾನು.

ಮಾರ್ಚ್ 5, ಬುಧವಾರ

‘ಯಾರು ಹೇಳ್ತಾರೋ ನಿಂಗೆ?’ ಎಂದು ಕೇಳಿಯೇಬಿಟ್ಟೆ. ‘ಗಾಳಿಗೆ ಯಾರು ಹೇಳ್ಬೇಕು?’ ಎಂದು ನಕ್ಕ. ನಗುವಾಗ ಅವನ ಅಂಗಿ ಜೇಬಿನಿಂದ ಲೈಟರ್ ಇಣುಕಿತು. ಸಿಗರೇಟು ಬಿಟ್ಟು ಎರಡು ವರ್ಷವಾಯಿತು ಎಂದು ಹೇಳಿಕೊಂಡು ತಿರುಗುವವನಿಗೆ ಲೈಟರ್ ಯಾಕೆ?

ಎಲ್ಲರೂ ಊಟಕ್ಕೆ ಹೋದಾಗ ಫೋಟೋ ವಿಭಾಗದ ಕಂಪ್ಯೂಟರ್ ಮುಂದೆ ಕೂತೆ. ಭಾನುವಾರದ ಫೋಟೋ ಫೈಲ್ ತೆಗೆದೆ. ಆಫೀಸಿನ ಹಳೆಯ ಕ್ಯಾಮೆರಾದ್ದು. ತೆಗೆದ ಸಮಯ 1:14. ಅಗ್ನಿಶಾಮಕ ಕಚೇರಿಯ ರಿಜಿಸ್ಟರ್‌ನಲ್ಲಿ ಮೊದಲ ಕರೆ 1:31.

ಊರಿನಲ್ಲಿ ಯಾರಿಗೂ ಗೊತ್ತಾಗುವ ಹದಿನೇಳು ನಿಮಿಷ ಮೊದಲೇ ಅವನು ಅಲ್ಲಿದ್ದ. ಕಿಟಕಿಯಲ್ಲಿ ಬೆಂಕಿ ಆಗಷ್ಟೇ ನಾಲಿಗೆ ಚಾಚಿದೆ. ಫೋಟೋ ಒಂಚೂರೂ ಅಲುಗಿಲ್ಲ. ಕಾದು ನಿಂತು ತೆಗೆದ ಹಾಗೆ.

ಪ್ರಿಂಟ್ ತೆಗೆದು ಬ್ಯಾಗಿಗೆ ಹಾಕಿಕೊಂಡೆ.

ಮಾರ್ಚ್ 6, ಗುರುವಾರ

ಮಗಳಿಗೆ ಹೇಳಿದೆ. ಕಾಲೇಜಿಗೆ ಹೊರಟಿದ್ದವಳು ಚಪ್ಪಲಿ ಹಾಕಿಕೊಳ್ಳುತ್ತಾ ಅಲ್ಲೇ ನಿಂತಳು. ‘ಮಾಮಾನಾ? ನನಗೆ ಸೈಕಲ್ ಕಲಿಸಿದ ಮಾಮಾನಾ?’

‘ಸೈಕಲ್ ಕಲಿಸಿದವ್ರು ಬೆಂಕಿ ಹಚ್ಚಬಾರ್ದು ಅಂತ ಎಲ್ಲಿದೆ?’

‘ಅಮ್ಮಾ, ನಿಂಗೆ ಅವ್ರ ಮೇಲೆ ಅನುಮಾನಾನಾ, ಕೋಪಾನಾ? ಎರಡೂ ಬೇರೆ ಬೇರೆ, ಗೊತ್ತಲ್ವಾ?’

ಅಪ್ಪನ ಬಾಯಿ ಬಂದಿದೆ ಇವಳಿಗೆ. ಅವರಿದ್ದಿದ್ದರೂ ಹೀಗೇ ಕೇಳುತ್ತಿದ್ದರು.

ಮಾರ್ಚ್ 7, ಶುಕ್ರವಾರ

ಸಂಪಾದಕರ ಕೋಣೆ. ಬಾಗಿಲು ಹಾಕಿಸಿದರು. ಪ್ರಿಂಟನ್ನು ಒಮ್ಮೆ ದೂರ, ಒಮ್ಮೆ ಹತ್ತಿರ ಹಿಡಿದು ನೋಡಿದರು.

‘ಪುರಾವೆ ಇದ್ರೆ ಬರಿ. ಹೊಟ್ಟೆಕಿಚ್ಚಿದ್ರೆ ಮನೆಗ್ ಹೋಗಿ ನೀರು ಕುಡಿ.’

‘ಸಮಯ ಕಣ್ಣೆದುರಿಗೇ ಇದೆಯಲ್ಲ ಸಾರ್.’

ಕನ್ನಡಕ ತೆಗೆದು ಒರೆಸಿದರು. ಆಗಲೇ ತಲೆಬರಹ ಯೋಚಿಸುತ್ತಿದ್ದಾರೆ ಎಂದು ಗೊತ್ತಾಯಿತು. ‘ನಮ್ಮವನನ್ನೇ ನಾವು ಬಿಡ್ಲಿಲ್ಲ ಅಂದ್ರೆ ಊರೆಲ್ಲ ಮಾತಾಡುತ್ತೆ. ಭಾನುವಾರಕ್ಕೆ ಕೊಡು. ಅವನ ಕಿವಿಗೆ ಬೀಳದ ಹಾಗೆ.’

ಎರಡು ಗಂಟೆಯಲ್ಲಿ ಬರೆದು ಮುಗಿಸಿದೆ. ಇಷ್ಟು ಸಲೀಸಾಗಿ ಯಾವತ್ತೂ ಬರೆದಿರಲಿಲ್ಲ.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 11

ಅವನನ್ನು ಕರೆದೊಯ್ಯಲು ಇನ್ಸ್‌ಪೆಕ್ಟರ್ ಆಫೀಸಿಗೇ ಬಂದರು. ಗಾಳಿ ಪತ್ರಿಕೆ ಕೈಯಲ್ಲಿ ಹಿಡಿದೇ ನಿಂತಿದ್ದ. ಪೂರ್ತಿ ಓದಿದ್ದನೋ ಇಲ್ಲವೋ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಲಿಲ್ಲ. ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟ. ಕಂಪ್ಯೂಟರ್ ಆಫ್ ಮಾಡಿದ. ನನ್ನ ಕಡೆ ತಿರುಗಿ, ‘ಒಂದ್ ಮಾತು ಕೇಳ್ಬೋದಿತ್ತು ನೀನು’ ಅಂದ. ಅಷ್ಟೇ.

ಕೇಳಿದ್ದೆನಲ್ಲ. ನಕ್ಕಿದ್ದನಲ್ಲ.

ಮಾರ್ಚ್ 11, ಮಂಗಳವಾರ

ಕುರ್ಚಿ ನನ್ನದಾಯಿತು. ‘ಸದ್ಯಕ್ಕೆ’ ಎಂದು ಸಂಪಾದಕರು ಒತ್ತಿ ಹೇಳಿದರು. ಕಾಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಕ್ಯಾಂಟೀನಿಗೆ ಹೋದರೆ ಮಾತು ನಿಲ್ಲುತ್ತದೆ. ನಾನು ಕೂತ ಮೇಲೆ ಮತ್ತೆ ಶುರು, ಬೇರೆ ವಿಷಯ.

ಇವರಲ್ಲಿ ಯಾರು ಅವನ ಕಡೆ? ಪಟ್ಟಿ ಮಾಡಬೇಕು.

ಮಾರ್ಚ್ 15, ಶನಿವಾರ

ಅವನ ಹೆಂಡತಿ ಮನೆಗೆ ಬಂದಿದ್ದಳು. ಕೂರು ಅಂದರೂ ಕೂರಲಿಲ್ಲ.

‘ಅಕ್ಕಾ, ಲೈಟರ್ ಬಗ್ಗೇನೂ ಬರ್ದಿದ್ದೀರಿ. ಸಿಗರೇಟು ಮತ್ತೆ ಶುರು ಮಾಡಿದ್ರು. ನಂಗೆ ಗೊತ್ತಾಗ್ಬಾರ್ದು ಅಂತ ಮುಚ್ಚಿಡ್ತಿದ್ರು. ವಾಸನೆ ಗೊತ್ತಾಗಲ್ವಾ? ನಾನೇ ಸುಮ್ನಿದ್ದೆ.’

‘ಫೋಟೋ ಟೈಮ್‌ಗೆ ಏನ್ ಹೇಳ್ತೀಯಮ್ಮ?’

‘ಅದು ನಂಗೆ ಗೊತ್ತಿಲ್ಲ ಅಕ್ಕಾ. ಅವ್ರಿಗೂ ಗೊತ್ತಿಲ್ವಂತೆ. ಕೊಲೆ ಕೇಸಂತೆ. ಬೇಲ್ ಕೂಡ ಸಿಗಲ್ವಂತೆ.’

ಹೋಗುವಾಗ ಗೇಟು ಸದ್ದಾಗದ ಹಾಗೆ ಹಾಕಿಕೊಂಡು ಹೋದಳು. ಧಡಾರ್ ಎಂದು ಹಾಕಿದ್ದರೆ ಚೆನ್ನಾಗಿತ್ತು.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ 3

ಮತ್ತೆ ಬೆಂಕಿ. ಪ್ಲೈವುಡ್ ಅಂಗಡಿ. ಊಟದ ಹೊತ್ತು, ಬಾಗಿಲು ಹಾಕಿತ್ತು. ಅದೇ ರೀತಿ. ಗಾಳಿ ಜೈಲಿನಲ್ಲಿದ್ದಾನೆ.

ಫೋಟೋ ವಿಭಾಗದಲ್ಲಿ ಯಾರೂ ಇರಲಿಲ್ಲ. ಆ ಹಳೆಯ ಕ್ಯಾಮೆರಾ ಎತ್ತಿಕೊಂಡು ನಾನೇ ಓಡಿದೆ. ಹೊಗೆಯಲ್ಲಿ ಕಣ್ಣು ಉರಿಯುತ್ತಿತ್ತು. ಫೋಟೋ ತೆಗೆದು ಪರದೆ ನೋಡಿದೆ. 12:50. ಮೊಬೈಲ್ ನೋಡಿದೆ. 1:12.

ಇನ್ನೊಂದು ತೆಗೆದೆ. 12:51. ಮೊಬೈಲ್‌ನಲ್ಲಿ 1:13.

ಕ್ಯಾಮೆರಾದ ಗಡಿಯಾರ ಇಪ್ಪತ್ತೆರಡು ನಿಮಿಷ ಹಿಂದೆ. ಅಂದರೆ ಅವನು ಆ ಫೋಟೋ ತೆಗೆದದ್ದು 1:36ಕ್ಕೆ. ಮೊದಲ ಕರೆ ಬಂದ ಐದು ನಿಮಿಷದ ನಂತರ.

ವಾಪಸ್ ಬಂದು ಫೋಟೋ ವಿಭಾಗದ ಹಿರಿಯರನ್ನು ಕೇಳಿದೆ. ಎಲ್ಲರೂ ತಾತ ಎನ್ನುತ್ತಾರೆ ಅವರನ್ನು. ‘ಬ್ಯಾಟರಿ ಬದ್ಲಾಯಿಸಿದಾಗಿಂದ ಹಾಗೇ ಅದು. ಡಿಸೆಂಬರ್‌ನಲ್ಲಿ ನೀನೇ ಬಂದು ಹೇಳಿದ್ಯಲ್ಲಮ್ಮಾ, ಟೈಮ್ ಹಿಂದಿದೆ ತಾತ, ಸರಿ ಮಾಡಿ ಅಂತ. ನಂಗೆ ಮರ್ತೇ ಹೋಯ್ತು.’

‘ಮತ್ತೆ ಸುದ್ದಿ ಬಂದಾಗ ಯಾಕೆ ಬಾಯಿ ಬಿಡ್ಲಿಲ್ಲ?’

‘ಗೊತ್ತಿದ್ದೂ ಬರ್ದಿದ್ದೀಯಲ್ಲ, ಬೇರೆ ಪುರಾವೆ ಇರುತ್ತೆ ಅಂದ್ಕೊಂಡೆ.’

ಅದೇ ದಿನ. ಸಂಜೆ 6

ಐದನೇ ತಾರೀಖಿನ ಪುಟ ಮತ್ತೆ ಓದಿದೆ. ಅಲ್ಲಿ ಒಂದು ಸಾಲು ಇಲ್ಲ.

ಆ ದಿನ 1:14 ನೋಡಿದಾಗ ಡಿಸೆಂಬರ್ ನೆನಪಾಗಿತ್ತು. ಒಂದೇ ಕ್ಷಣ. ‘ತಾತ ಸರಿ ಮಾಡಿರ್ತಾರೆ’ ಅಂದುಕೊಂಡೆ. ಕ್ಯಾಮೆರಾ ಇದ್ದದ್ದು ಪಕ್ಕದ ಕಪಾಟಿನಲ್ಲಿ. ಹತ್ತು ಹೆಜ್ಜೆ. ಎದ್ದು ನೋಡಲಿಲ್ಲ. ಪ್ರಿಂಟ್ ತೆಗೆದೆ.

ಯಾರೂ ಓದದ ಈ ಪುಸ್ತಕದಲ್ಲೂ ಅದನ್ನು ಬರೆಯಲಿಲ್ಲ. ಯಾರಿಂದ ಮುಚ್ಚಿಟ್ಟೆ?

ಮಾರ್ಚ್ 19, ಬುಧವಾರ

ಸಂಪಾದಕರು ಕ್ಯಾಮೆರಾವನ್ನು ಮುಟ್ಟಲೂ ಇಲ್ಲ. ‘ಇನ್ಯಾರೋ ಅವನನ್ನ ನೋಡಿ ಕಲ್ತಿದ್ದಾರೆ. ಹಾಗೇ ಬರಿ.’

‘ಸಾರ್, ಅವ್ನು ಅಲ್ಲ.’

‘ಪತ್ರಿಕೆ ತಪ್ಪು ಮಾಡಿದೆ ಅಂತ ಪತ್ರಿಕೇನೇ ಹೇಳ್ಬೇಕಾ? ಕುರ್ಚಿ ಭಾರ ಆಗ್ತಿದ್ಯಾ ನಿಂಗೆ?’

ಕ್ಯಾಮೆರಾ ಬ್ಯಾಗಿನಲ್ಲಿಟ್ಟುಕೊಂಡು ನೇರ ಠಾಣೆಗೆ ನಡೆದೆ. ಇನ್ಸ್‌ಪೆಕ್ಟರ್ ಗೋಡೆ ಗಡಿಯಾರದ ಫೋಟೋ ತಾವೇ ತೆಗೆದು ನೋಡಿದರು. ಎರಡು ಸಲ. ಮುಖ ಗಂಟಿಕ್ಕಿಕೊಂಡರು.

‘ನಿಮಗೆ ಇದು ಯಾವಾಗ ಗೊತ್ತಾಯ್ತು ಮೇಡಂ?’

‘ನಿನ್ನೆ’ ಅಂದೆ.

ಹಾಗೇ ಬರೆದುಕೊಂಡರು. ಸಹಿ ಹಾಕಿದೆ. ಅದೂ ಸಲೀಸಾಗಿಯೇ ಆಯಿತು. ಅದೇ ಭಯ.

ಮಾರ್ಚ್ 24, ಸೋಮವಾರ

ಸಿಕ್ಕಿಬಿದ್ದ. ಅಂಗಡಿಗಳಿಗೆ ಬೆಂಕಿ ನಂದಿಸುವ ಸಿಲಿಂಡರ್ ತುಂಬಿಸಿಕೊಡುತ್ತಿದ್ದವನು. ನಾಲ್ಕೂ ಕಡೆ ಇನ್ನು ಬರಬೇಡ ಅಂದಿದ್ದರಂತೆ. ಪ್ಲೈವುಡ್ ಅಂಗಡಿಯ ಹಿಂದಿನ ಗೋಡೆ ಹಾರುವಾಗ ಪಕ್ಕದ ಮನೆಯವರು ನೋಡಿದ್ದಾರೆ. ‘ನಾನಿಲ್ದೆ ಏನಾಗುತ್ತೆ ಅಂತ ತೋರಿಸ್ದೆ’ ಎಂದನಂತೆ ಠಾಣೆಯಲ್ಲಿ.

ಗಾಳಿ ಇವತ್ತು ಬಿಡುಗಡೆಯಾಗಿ ತನ್ನ ಮನೆಗೆ ಹೋದ.

ನಮ್ಮ ಪತ್ರಿಕೆಯಲ್ಲಿ ಒಳಪುಟದಲ್ಲಿ ಆರು ಸಾಲು ಬರುತ್ತದಂತೆ. ಅವನ ಹೆಸರಿಲ್ಲ. ನನ್ನದೂ ಇಲ್ಲ. ಕುರ್ಚಿಗೆ ಕ್ರೀಡಾ ವಿಭಾಗದವರು ಬಂದಾಯಿತು. ನನ್ನ ಡಬ್ಬಿ, ಪೆನ್ನು, ಶಾಲು ಹಳೆಯ ಮೇಜಿಗೆ ಹೋಗಲೆಂದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಾಗಿಲ ಹತ್ತಿರ ಇದ್ದವು.

ಮಾರ್ಚ್ 26, ಬುಧವಾರ. ಬೆಳಿಗ್ಗೆ 10

ಅವನ ಮನೆಗೆ ಹೋಗಿದ್ದೆ. ಹೆಂಡತಿ ಬಾಗಿಲು ತೆರೆದಳು. ಬನ್ನಿ ಅನ್ನಲಿಲ್ಲ, ಮುಚ್ಚಲೂ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಇಳಿದು ಹೋಗಿದ್ದಾನೆ. ಎರಡು ವಾರದ ಗಡ್ಡ. ನಾನೇನೂ ಕೇಳದೆಯೇ ಅವನೇ ಹೇಳಿದ. ‘ಯಾರೂ ಸುದ್ದಿ ಕೊಡ್ತಿರ್ಲಿಲ್ಲ ಕಣೇ. ಮೊದಲ್ನೇದು ಅದೃಷ್ಟ. ಆಮೇಲೆ ದಿನಾ ಊಟ ಬಿಟ್ಟು ಅಗ್ನಿಶಾಮಕ ಠಾಣೆ ಎದುರು ಬೈಕ್ ಮೇಲೆ ಕೂತಿರ್ತಿದ್ದೆ. ಗಾಡಿ ಹೊರಟ್ರೆ ಹಿಂದೆ ನಾನು. ಗಲ್ಲಿಯಲ್ಲಿ ಗಾಡಿ ಸಿಕ್ಕಿಹಾಕ್ಕೊಂಡ್ರೆ ಮುಂದೆ ನಾನು. ಹೇಳ್ಕೊಳ್ಳೋಕೆ ನಾಚಿಕೆ. ಆ ಕುರ್ಚಿಗೋಸ್ಕರ ಅಷ್ಟೆಲ್ಲಾ...’

ನಾನು ಕ್ಷಮಿಸು ಅಂದೆ.

‘ಒಂದೇ ಪ್ರಶ್ನೆ. ಆ ಕ್ಯಾಮೆರಾ ವಿಷ್ಯ ನಿಂಗೆ ಮೊದ್ಲೇ ಗೊತ್ತಿತ್ತಾ?’

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಅವಳೂ ಕೇಳುತ್ತಿದ್ದಾಳೆ.

‘ಗೊತ್ತಿತ್ತು’ ಅಂದೆ.

‘ವಕೀಲ್ರು ತೋರಿಸಿದ್ರು. ಪೊಲೀಸ್ರಿಗೆ ನೀನು ಕೊಟ್ಟ ಹೇಳಿಕೇಲಿ ಅದಿಲ್ಲ.’

‘ಇಲ್ಲ.’

‘ಈಗ್ಲೂ ರಸ್ತೇಲಿ ಜನ ನನ್ನ ಒಂಥರಾ ನೋಡ್ತಾರೆ. ಬೆಂಕಿ ಇಲ್ದೆ ಇವ್ಳು ಯಾಕೆ ಬರೀತಾಳೆ ಅಂತ. ನೀನು ಚೆನ್ನಾಗಿ ಬರೀತೀಯ. ಜನ ನಂಬ್ತಾರೆ.’ ಎದ್ದು ನಿಂತ. ‘ಅದನ್ನೂ ಬರಿ.’

ಸಂಜೆ 5

ಬರೆದರೆ ಕೆಲಸ ಹೋಗುತ್ತದೆ. ಕೇಸೂ ಬರಬಹುದು. ಮಗಳಿಗೆ ಎಲ್ಲ ಹೇಳಿದೆ, ಐದನೇ ತಾರೀಖಿನದೂ ಸೇರಿ. ಅವಳು ಬೈಯಲಿಲ್ಲ. ಮೇಜಿನ ಮೇಲಿದ್ದ ತನ್ನ ಪುಸ್ತಕಗಳನ್ನು ಎತ್ತಿ ಜಾಗ ಮಾಡಿಕೊಟ್ಟಳು. ‘ಅವ್ರು ಹಾಕದಿದ್ರೆ ಬೇರೆ ಪತ್ರಿಕೆಗೆ ಕೊಡು’ ಅಂದಳು.

ಹೇಳಿಕೆ ತಿದ್ದಲು ಬರುತ್ತೇನೆಂದು ಇನ್ಸ್‌ಪೆಕ್ಟರಿಗೆ ಫೋನು ಮಾಡಿದ್ದೇನೆ. ಆರು ಗಂಟೆಗೆ. ಅಷ್ಟರೊಳಗೆ ಇದು ಮುಗಿಯಬೇಕು. ಮೊದಲು ಇಲ್ಲಿ, ಕೆಟ್ಟ ಅಕ್ಷರದಲ್ಲಿ, ಆಮೇಲೆ ಅಲ್ಲಿ.

‘ಅವನ ಮೇಲೆ ನನಗಿದ್ದದ್ದು ಅನುಮಾನವಲ್ಲ.’

ಇಷ್ಟು ಬರೆಯಲು ಮುಕ್ಕಾಲು ಗಂಟೆ. ಮುಂದಿನ ಸಾಲು —

‘ನನಗೆ ಆ ದಿನ ಕ್ಯಾಮೆರಾ ಸಮಯ ಹಿಂದಿದೆ ಎಂದು ನೆನಪಾಗಿತ್ತು. ಎದ್ದು ನೋಡಲಿಲ್ಲ.’